ಐವರಿದ್ದ ಕೋಣೆಯಲ್ಲಿ ಇಬ್ಬರು

ರಾಮಾಯಣದ ಪುಷ್ಪಕವಿಮಾನಕ್ಕೆ ಸಾರಥಿ ಇರಲಿಲ್ಲ. ಒಡೆಯನ ಮನಸ್ಸನ್ನು ಅರಿತು ಅದು ತಾನೇ ನಡೆಯುತ್ತಿತ್ತು. ಲಂಕೆಯಿಂದ ಎಲ್ಲರನ್ನೂ ಹೊತ್ತು ತಂದ ಮೇಲೆ, ರಾಮನು ಅಪ್ಪಣೆ ಕೊಡಲು, ಬರಿದಾಗಿಯೇ ಕುಬೇರನಲ್ಲಿಗೆ ಹಿಂತಿರುಗಿತು. ಮಹಾಭಾರತದ ರಥಗಳ ಮಾತು ಬೇರೆ. ಕೃಷ್ಣ, ಶಲ್ಯ, ಬೃಹನ್ನಳೆ, ಈ ಮೂವರು ಸಾರಥಿಗಳ ಮಾತನ್ನು ತೆಗೆದುಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ಉತ್ತರಕುಮಾರನ ಪ್ರಸಂಗವನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಸಾರ್, ಈಗಿನ ವಿಮಾನ ತಾನೇ ಹಾರುತ್ತೆ, ತಾನೇ ಇಳಿಯುತ್ತೆ ಅಂತಾರೆ. ಹಾಗಾದ್ರೆ ಪೈಲಟ್‌ಗೆ ಸಂಬಳ ಯಾಕೆ ಕೊಡ್ತಾರೆ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಕನ್ನಡ ಪಂಡಿತನಿಗೆ ವಿಮಾನದ ವಿಚಾರವೇಕೆ ಎಂದು ತೇಲಿಸಿಬಿಡಬಹುದಾಗಿತ್ತು. "ನಾಳೆ ಹೇಳುತ್ತೇನಪ್ಪ" ಎಂದುಬಿಟ್ಟೆ. ಆ ನಾಳೆ ಬರಲು ಮೂರು ತಿಂಗಳು ಹಿಡಿಯಿತು.

ವಿಚಾರಿಸುತ್ತ ಹೋದಂತೆ ಮೊದಲು ಆಶ್ಚರ್ಯವಾದದ್ದು ಈ ಸ್ವಯಂಚಾಲಕ ಯಂತ್ರದ ವಯಸ್ಸು. ನಾವು ಅದನ್ನು ಗಣಕಯಂತ್ರದ ಕಾಲದ ಕೂಸು ಎಂದುಕೊಂಡಿದ್ದೇವೆ. ಅದಕ್ಕೆ ನೂರು ವರ್ಷ ದಾಟಿದೆ.

1914ರ ಜೂನ್ 18. ಪ್ಯಾರಿಸ್ ನಗರದ ಹತ್ತಿರ ಸೇನ್ ನದಿಯ ದಡದ ಬೆಜೋನ್ ಎಂಬ ಊರು. ವಿಮಾನಗಳ ಸುರಕ್ಷತೆಗಾಗಿ ಏರ್ಪಟ್ಟಿದ್ದ ಸ್ಪರ್ಧೆಯನ್ನು ನೋಡಲು ದಡದುದ್ದಕ್ಕೂ ಜನ ಸೇರಿದ್ದಾರೆ. ಅಮೆರಿಕದಿಂದ ಬಂದ ಲಾರೆನ್ಸ್ ಸ್ಪೆರಿ ಎಂಬ 21 ವರ್ಷದ ತರುಣ, ನೀರಿನ ಮೇಲೆ ಇಳಿಯಬಲ್ಲ ಒಂದು ಕರ್ಟಿಸ್ ವಿಮಾನದಲ್ಲಿ ನದಿಯ ಮೇಲೆ ಹಾರಿಬರುತ್ತಾನೆ. ತೀರ್ಪುಗಾರರ ಎದುರಿಗೆ ಬಂದಾಗ ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿ ತೋರಿಸುತ್ತಾನೆ. ವಿಮಾನ ನೇರವಾಗಿ ಸಾಗುತ್ತದೆ. ಎರಡನೆಯ ಸುತ್ತಿನಲ್ಲಿ ಅವನ ಮೆಕ್ಯಾನಿಕ್ ಎಮಿಲ್ ಕಾಶಾನ್ ಆಸನದಿಂದೆದ್ದು ರೆಕ್ಕೆಯ ಮೇಲೆ ನಡೆದುಹೋಗುತ್ತಾನೆ. ಆ ಭಾರಕ್ಕೆ ವಿಮಾನ ಒಂದು ಕಡೆ ವಾಲಬೇಕಾಗಿತ್ತು. ಕಾಣದ ಕೈಯೊಂದು ಅದನ್ನು ಸಮಮಾಡಿತು. ಮೂರನೆಯ ಸುತ್ತಿನಲ್ಲಿ ಒಂದು ರೆಕ್ಕೆಯ ಮೇಲೆ ಕಾಶಾನ್, ಇನ್ನೊಂದರ ಮೇಲೆ ಸ್ಪೆರಿ. ನಡುವೆ ಆಸನಗಳು ಬರಿದು! 50,000 ಫ್ರಾಂಕುಗಳ ಬಹುಮಾನ ಅವನ ಪಾಲಾಯಿತು.

ಆ ಕಾಣದ ಕೈ ಯಾವುದು? ನಮ್ಮ ಮಕ್ಕಳ ಬುಗುರಿಯೇ. ರಭಸದಿಂದ ತಿರುಗುವ ಬುಗುರಿಯನ್ನು ಅಂಗೈಮೇಲೆ ಎತ್ತಿಕೊಂಡು ಕೈಯನ್ನು ಓರೆಮಾಡಿ ನೋಡಿ. ಕೈ ಓರೆಯಾದರೂ ಬುಗುರಿ ತನ್ನ ನಿಲುವನ್ನು ಬಿಡುವುದಿಲ್ಲ. ಜೈರೋಸ್ಕೋಪ್ ಎಂದು ದೊಡ್ಡ ಹೆಸರಿಟ್ಟುಕೊಂಡ ಯಂತ್ರ ಇದೇ ಗುಣವನ್ನು ಬಳಸಿಕೊಳ್ಳುತ್ತದೆ. ವಿಮಾನ ವಾಲಿದಾಗ, ವಾಲದೆ ನಿಂತ ಚಕ್ರಕ್ಕೂ ವಾಲಿದ ಒಡಲಿಗೂ ಎಷ್ಟು ಅಂತರವಾಯಿತೆಂದು ಅಳೆದು, ಅಷ್ಟರಮಟ್ಟಿಗೆ ರೆಕ್ಕೆಯ ಅಂಚಿನ ಹಲಗೆಗಳನ್ನು ತಿರುಗಿಸುವ ಏರ್ಪಾಡನ್ನು ಲಾರೆನ್ಸನೂ ಅವನ ತಂದೆ ಎಲ್ಮರ್ ಸ್ಪೆರಿಯೂ ಮಾಡಿದ್ದರು. ಮುಂದೆ ಬಂದ ಎಲ್ಲ ಸ್ವಯಂಚಾಲಕಗಳಿಗೂ ಇದೇ ಬೀಜ.

ಬೆಳೆ ಬೇಗ ಬಂತು. 1931ರಲ್ಲಿ ವೈಲಿ ಪೋಸ್ಟ್ ಎಂಬ ಒಕ್ಕಣ್ಣಿನ ಅಮೆರಿಕನ್ ವೈಮಾನಿಕ, ದಾರಿಗಾಣಿಸಲು ಹೆರಾಲ್ಡ್ ಗ್ಯಾಟಿ ಎಂಬುವನನ್ನು ಕೂರಿಸಿಕೊಂಡು, ಭೂಮಿಯನ್ನು ಎಂಟು ದಿನ ಹದಿನಾರು ಗಂಟೆಗಳೊಳಗೆ ಸುತ್ತಿಬಂದ. 1933ರಲ್ಲಿ ಗ್ಯಾಟಿಯ ಆಸನ ಖಾಲಿ. ಸ್ಪೆರಿಯ ಯಂತ್ರವನ್ನು ಜೊತೆಗಾರನನ್ನಾಗಿ ಮಾಡಿಕೊಂಡು ಒಬ್ಬನೇ ಹೊರಟ ಪೋಸ್ಟ್ 7 ದಿನ 18 ಗಂಟೆ 49 ನಿಮಿಷಗಳಲ್ಲಿ ಹಿಂತಿರುಗಿದ. ತೂಕಡಿಕೆ ಬಂದರೆ ಎಚ್ಚರವಾಗಲೆಂದು ಒಂದು ಸ್ಪ್ಯಾನರನ್ನು ದಾರದಿಂದ ಬೆರಳಿಗೆ ಕಟ್ಟಿಕೊಂಡಿದ್ದನೆಂದು ಹೇಳುವುದುಂಟು. ಹಿಡಿದ ಸ್ಪ್ಯಾನರು ಜಾರಿದರೆ ಬೆರಳು ಜಗ್ಗಬೇಕು, ಕಣ್ಣು ತೆರೆಯಬೇಕು. ಆ ಯಂತ್ರವನ್ನು ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ರಿಪೇರಿ ಮಾಡಿಸಬೇಕಾಯಿತು ಎಂಬುದನ್ನೂ ಮರೆಯಬಾರದು. 1947ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಸ್ಕೈಮಾಸ್ಟರ್ ವಿಮಾನ ನ್ಯೂಫೌಂಡ್‌ಲೆಂಡಿನಿಂದ ಇಂಗ್ಲೆಂಡಿಗೆ, ಏರುವುದು ಇಳಿಯುವುದೂ ಸೇರಿ, ಯಂತ್ರದ ವಶದಲ್ಲೇ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಸಿಬ್ಬಂದಿ ಒಳಗಿದ್ದರು, ಚುಕ್ಕಾಣಿಯನ್ನು ಮುಟ್ಟಲಿಲ್ಲ.

ಅಂದರೆ ನಮ್ಮ ಹುಡುಗ ಕೇಳಿದ ಪ್ರಶ್ನೆಯನ್ನು ನಮ್ಮ ದೇಶ ಸ್ವತಂತ್ರವಾದ ತಿಂಗಳ ಮುಂದಿನ ತಿಂಗಳಲ್ಲೇ ಕೇಳಬಹುದಾಗಿತ್ತು. ಆದರೂ ಆ ಕಾಲದ ದೂರಪ್ರಯಾಣದ ವಿಮಾನಗಳ ಮುಂಗೋಣೆಯಲ್ಲಿ ಐದು ಜನ ಇರುತ್ತಿದ್ದರು. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಮೊದಲ ಬಾರಿಗೆ ಹೊರಟ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಆ ಯುಗದ್ದೇ. ಮುಖ್ಯ ಚಾಲಕ, ಸಹಚಾಲಕ, ರೇಡಿಯೋ ಅಧಿಕಾರಿ, ದಾರಿಗಾಣಿಸುವ ನ್ಯಾವಿಗೇಟರ್, ಎಂಜಿನುಗಳನ್ನು ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್, ಹೀಗೆ ಐವರು. ಈ ಐವರು ಇಬ್ಬರಾದ ಬಗೆಯೇ ನಿಜವಾದ ಕಥೆ.

ಮೊದಲು ಹೊರಟವನು ರೇಡಿಯೋ ಅಧಿಕಾರಿ. ರೇಡಿಯೋ ಇಟ್ಟುಕೊಂಡ ನಮಗೆ ಅವನ ಕಷ್ಟ ಅರ್ಥವಾಗುತ್ತದೆ. ಗುಡುಗು ಮಳೆಯ ರಾತ್ರಿ ದೂರದ ನಿಲ್ದಾಣವೊಂದನ್ನು ಹಿಡಿಯಲು ಹೊರಟರೆ ಗರಗರ ಸದ್ದಿನ ನಡುವೆ ಕಿವಿ ನಿಮಿರಿಸಿ ಕೂರಬೇಕಷ್ಟೆ. ಅಂಥದರಲ್ಲಿ ಅವನು ಮೋರ್ಸ್ ಸಂಕೇತದ ಕಟ್ಟು ಕಡಕಟ್ಟುಗಳನ್ನು ಕೇಳಿ ಬರೆದುಕೊಳ್ಳಬೇಕು, ಮರುತ್ತರ ಕುಟ್ಟಬೇಕು. ಸ್ಪಷ್ಟವಾಗಿ ಮಾತು ಕೇಳಿಸುವ ರೇಡಿಯೋ ಬಂದ ಮೇಲೆ ಚಾಲಕನೇ ನೆಲದವರೊಡನೆ ಮಾತಾಡತೊಡಗಿದ. ಒಂದು ಆಸನ ತೆರವಾಯಿತು.

ನ್ಯಾವಿಗೇಟರ್ ಹೋದದ್ದನ್ನು ನೆನೆದರೆ ನನ್ನಂಥವನಿಗೆ ಸ್ವಲ್ಪ ವ್ಯಥೆಯಾಗುತ್ತದೆ. ಅವನು ಚಾವಣಿಯ ಗಾಜಿನ ಗುಮ್ಮಟದ ಕೆಳಗೆ ನಿಂತು, ಸೆಕ್ಸ್‌ಟಂಟ್ ಹಿಡಿದು, ನಕ್ಷತ್ರಗಳ ಎತ್ತರವನ್ನಳೆದು ಸಾಗರದ ಮೇಲೆ ತಾನೆಲ್ಲಿದ್ದೇನೆಂದು ಲೆಕ್ಕಹಾಕುತ್ತಿದ್ದ. ಅವನ ಪಟ್ಟಿಯಲ್ಲಿದ್ದ ತಾರೆಗಳು ನಮಗೆ ಅಪರಿಚಿತವಲ್ಲ. ಸ್ಪೈಕ, ಆರ್ಕ್‌ಟೂರಸ್, ಆಲ್ಟೇರ್ ಎಂದು ಅವನು ಗುರುತಿಸುತ್ತಿದ್ದವು ನಮ್ಮ ಪಂಚಾಂಗದ ಚಿತ್ರಾ, ಸ್ವಾತಿ, ಶ್ರವಣ. 1970ರ ಜನವರಿಯಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 747 ವಿಮಾನದಲ್ಲಿ, ಬುಗುರಿಗಳನ್ನೂ ವೇಗದ ಏರಿಳಿತವನ್ನಳೆಯುವ ಸೂಕ್ಷ್ಮ ಮಾಪಕಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿಟ್ಟಿದ್ದರು. ಹೊರಟ ಜಾಗವನ್ನು ತಿಳಿಸಿಬಿಟ್ಟರೆ ಆ ಪೆಟ್ಟಿಗೆ, ಆಕಾಶವನ್ನು ನೋಡದೆಯೇ, ಎಷ್ಟು ದೂರ ಯಾವ ದಿಕ್ಕಿಗೆ ಬಂದೆವೆಂದು ಕೂಡಿಸುತ್ತ ಹೋಗುತ್ತದೆ. ನಕ್ಷತ್ರ ನೋಡುವವನ ಕೆಲಸ ತೀರಿತು.

ಅಷ್ಟರಲ್ಲಿ ಇಳಿಯುವ ವಿದ್ಯೆಯೂ ಯಂತ್ರಕ್ಕೆ ಒಲಿದಿತ್ತು. ಇದಕ್ಕೆ ಕಾರಣ ಲಂಡನ್ನಿನ ಮಂಜು. ಬ್ರಿಟನ್ನಿನವರು 1945ರಲ್ಲೇ ಕಣ್ಣಿಗೆ ಕಾಣದೆ ಇಳಿಯುವುದನ್ನು ಸಾಧಿಸಲು ಒಂದು ಪ್ರಯೋಗಪಡೆಯನ್ನು ಕಟ್ಟಿದ್ದರು. ಓಡುದಾರಿಯ ತುದಿಯಿಂದ ಎರಡು ರೇಡಿಯೋ ಕಿರಣಗಳನ್ನು ಆಕಾಶಕ್ಕೆ ಚಾಚುವುದು ಎಲ್ಲೆಡೆ ಬಳಕೆಯಲ್ಲಿರುವ ಉಪಾಯ. ಇಳಿಯಬರುವ ವಿಮಾನ ನಡುಗೆರೆಯ ಎಡಕ್ಕೆ ಸರಿದರೆ ಸೆಕೆಂಡಿಗೆ 90 ಕಂಪನಗಳ ನಾದ ಮೇಲಾಗುತ್ತದೆ, ಬಲಕ್ಕೆ ಸರಿದರೆ 150 ಕಂಪನಗಳದ್ದು. ಎರಡೂ ಸಮನಾದಾಗ ವಿಮಾನ ನಡುಗೆರೆಯ ಮೇಲಿದೆ ಎಂದರ್ಥ. ಎರಡನೆಯ ಕಿರಣ ಇದೇ ರೀತಿಯಲ್ಲಿ, ಸುಮಾರು ಮೂರು ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ. ವಾದ್ಯಗಾರ ಎರಡು ತಂತಿಗಳನ್ನು ಶ್ರುತಿಗೂಡಿಸುವಂತೆ ಯಂತ್ರ ಈ ನಾದಗಳನ್ನು ಸರಿದೂಗಿಸುತ್ತ ಇಳಿಯುತ್ತದೆ. 1965ರ ಜೂನ್ 10ರಂದು ಪ್ಯಾರಿಸ್ಸಿನಿಂದ ಪ್ರಯಾಣಿಕರನ್ನು ಹೊತ್ತುಬಂದ ಒಂದು ಟ್ರೈಡೆಂಟ್ ವಿಮಾನ ಲಂಡನ್ನಿನಲ್ಲಿ ಯಂತ್ರದ ಕೈಯಿಂದಲೇ ನೆಲ ಮುಟ್ಟಿತು. ಇಂದು ದೆಹಲಿಯ ಚಳಿಗಾಲದ ಮಂಜಿನಲ್ಲಿ ಇಳಿಯುವ ವಿಮಾನಗಳಿಗೆ ನೆರವಾಗುವುದೂ ಇದೇ ವಿದ್ಯೆ. ಆದರೆ ಇದಕ್ಕೆ ತಕ್ಕ ಸಲಕರಣೆ ನೆಲದ ಮೇಲೂ ಇರಬೇಕು, ಅಡ್ಡಗಾಳಿ ಒಂದು ಮಿತಿಯೊಳಗಿರಬೇಕು, ಚಾಲಕರು ಮೊದಲೇ ಎಲ್ಲವನ್ನೂ ಹೊಂದಿಸಿ ಕೊನೆಯವರೆಗೂ ಕಾವಲಿರಬೇಕು. ಮಂಜಿಲ್ಲದ ದಿನ ಬಹುಪಾಲು ವಿಮಾನಗಳನ್ನು ಇಳಿಸುವವರು ಇಂದಿಗೂ ಮನುಷ್ಯರೇ. ಮೇಲಕ್ಕೇರಿಸುವವರಂತೂ ಅವರೇ.

ಉಳಿದವನು ಫ್ಲೈಟ್ ಎಂಜಿನಿಯರ್. ಚಾಲಕರ ಬೆನ್ನಹಿಂದೆ, ಗಡಿಯಾರಗಳ ಗೋಡೆಯೊಂದರ ಮುಂದೆ ಕುಳಿತು ಇಂಧನ, ವಿದ್ಯುತ್ತು, ಒಳಗಿನ ಗಾಳಿಯ ಒತ್ತಡ ಎಲ್ಲವನ್ನೂ ಕಾಯುತ್ತಿದ್ದವನು. 1980ರ ಸುಮಾರಿಗೆ ಗಣಕಯಂತ್ರಗಳು ಆ ಗೋಡೆಯನ್ನು ನಾಲ್ಕಾರು ಪರದೆಗಳೊಳಗೆ ಇಳಿಸಿಬಿಟ್ಟವು. ಸಿಬ್ಬಂದಿಯ ಸಂಘಗಳು ಬಲವಾಗಿ ವಿರೋಧಿಸಿದವು. 1981ರಲ್ಲಿ ಅಮೆರಿಕದ ಅಧ್ಯಕ್ಷರು ನೇಮಿಸಿದ ಸಮಿತಿ ಇಬ್ಬರು ಸಾಕೆಂದು ತೀರ್ಪಿತ್ತಿತು. ಮರುವರ್ಷ ಬೋಯಿಂಗ್ 767 ಇಬ್ಬರನ್ನೇ ಕೂರಿಸಿಕೊಂಡು ಹಾರಿತು. ಮೂರನೆಯ ಕುರ್ಚಿ ಹೋದಾಗ ಅದರ ಜೊತೆಗೆ ಹೋದ ಚಿಲ್ಲರೆ ಕೆಲಸಗಳಲ್ಲಿ ಕೆಲವು ಯಾರ ಪಾಲಿಗೂ ಸರಿಯಾಗಿ ಬೀಳಲಿಲ್ಲ ಎಂಬುದು ಒಂದು ವರ್ಷದೊಳಗೇ ತಿಳಿಯಿತು.

1983ರ ಜುಲೈ 23ರಂದು ಏರ್ ಕೆನಡಾದ ಒಂದು 767, 69 ಜನರೊಡನೆ ಮಾಂಟ್ರಿಯಲ್ಲಿನಿಂದ ಎಡ್ಮಂಟನ್ನಿಗೆ ಹೊರಟಿತ್ತು. ಇಂಧನದ ಮಾಪಕ ಕೆಟ್ಟಿತ್ತು. ಹಾಗಾಗಿ ತೊಟ್ಟಿಯೊಳಗೆ ಕಡ್ಡಿಯಿಂದ ಅಳೆದು, ಲೆಕ್ಕಮಾಡಿ ಇಂಧನ ತುಂಬಿದರು. ಕೆನಡಾ ಆಗತಾನೆ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿತ್ತು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ತೊಟ್ಟಿಯಲ್ಲಿದ್ದದ್ದು 7,682 ಲೀಟರು. ಒಂದು ಲೀಟರಿನ ತೂಕ ಪೌಂಡಿನಲ್ಲಾದರೆ 1.77, ಕಿಲೋಗ್ರಾಮಿನಲ್ಲಾದರೆ ಸುಮಾರು 0.80. ಅವರು 1.77ರಿಂದ ಗುಣಿಸಿ, ಬಂದ 13,597ನ್ನು ಕಿಲೋಗ್ರಾಂ ಎಂದೇ ತಿಳಿದರು. ಕೊರತೆಗೆ ಇನ್ನೂ 20,000 ಲೀಟರಿನಷ್ಟು ಹಾಕಬೇಕಾದಲ್ಲಿ 5,000 ಲೀಟರೂ ಹಾಕಲಿಲ್ಲ. ಪಕ್ಕದ ಕೊಠಡಿಯ ಗಣಿತದ ಮೇಷ್ಟರಿಗೆ ಈ ಲೆಕ್ಕವನ್ನು ತೋರಿಸಿದೆ. "ಉತ್ತರದ ಮುಂದೆ ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತೇನೆಂದರೆ ಹುಡುಗರು ನನ್ನನ್ನು ಬೈಯುತ್ತಾರೆ ಸ್ವಾಮಿ" ಎಂದರು. ಹಳೆಯ ವಿಮಾನಗಳಲ್ಲಿ ಈ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವನು ಫ್ಲೈಟ್ ಎಂಜಿನಿಯರ್. ಈಗ ಅದು ಯಾರ ಹೊಣೆಯೆಂದು ನೆಲದವರಿಗೂ ಮೇಲಿನವರಿಗೂ ಖಚಿತವಿರಲಿಲ್ಲ.

41,000 ಅಡಿ ಎತ್ತರದಲ್ಲಿ ಒಂದು ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ನಿಂತಿತು. ಎಂಜಿನುಗಳು ನಿಂತೊಡನೆ ವಿದ್ಯುತ್ತು ಹೋಗಿ ಹೊಸ ಪರದೆಗಳೆಲ್ಲ ಕಪ್ಪಾದವು. ಯಾವ ಯಂತ್ರದ ಸಲುವಾಗಿ ಮೂರನೆಯವನನ್ನು ಕಳಿಸಿಬಿಟ್ಟಿದ್ದರೋ ಆ ಯಂತ್ರವೇ ಕಣ್ಣುಮುಚ್ಚಿತು. ಮುಖ್ಯ ಚಾಲಕ ಬಾಬ್ ಪಿಯರ್ಸನ್ ಬಿಡುವಿನಲ್ಲಿ ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸುವ ಹವ್ಯಾಸದವನು. ಸಹಚಾಲಕ ಮಾರಿಸ್ ಕ್ವಿಂಟಾಲ್ ಹಿಂದೆ ವಾಯುಪಡೆಯಲ್ಲಿದ್ದಾಗ ಗಿಮ್ಲಿ ಎಂಬ ಊರಿನ ನೆಲೆಯಲ್ಲಿ ಕೆಲಸ ಮಾಡಿದ್ದ. ಆ ನೆಲೆ ಮುಚ್ಚಿತ್ತು. ಅದರ ಓಡುದಾರಿಯೊಂದು ಮೋಟಾರು ಪಂದ್ಯಗಳ ಮೈದಾನವಾಗಿತ್ತು. ಅಂದು ಅಲ್ಲಿ ಸಂಸಾರಗಳ ಮೇಳ ನೆರೆದಿತ್ತು. ಇದು ಕ್ವಿಂಟಾಲನಿಗೂ ತಿಳಿದಿರಲಿಲ್ಲ. ಸದ್ದಿಲ್ಲದೆ ಇಳಿದುಬರುವ ವಿಮಾನ ಎತ್ತರವಾಗೇ ಉಳಿದಾಗ ಪಿಯರ್ಸನ್ ಅದನ್ನು ಓರೆಯಾಗಿ ಜಾರಿಸಿದ. ಇದು ಗ್ಲೈಡರಿನವರ ಪಟ್ಟು; ಅಷ್ಟು ದೊಡ್ಡ ವಿಮಾನದಲ್ಲಿ ಯಾರೂ ಮಾಡುವಂಥದಲ್ಲ. ಮುಂದಿನ ಗಾಲಿಯ ಕಾಲು ಮಡಿಚಿ, ಮೂಗು ನೆಲಕ್ಕುಜ್ಜುತ್ತ ವಿಮಾನ ಜನರ ಗುಂಪಿಗೆ ಮುಂಚೆಯೇ ನಿಂತಿತು. ಒಂದು ಪ್ರಾಣವೂ ಹೋಗಲಿಲ್ಲ. ವಿಮಾನ ರಿಪೇರಿಯಾಗಿ 2008ರವರೆಗೆ ದುಡಿಯಿತು.

ಇದನ್ನು ಮನುಷ್ಯನ ಹಿರಿಮೆಯೆಂದು ಮಾತ್ರ ಹೇಳುವುದು ನ್ಯಾಯವಲ್ಲ. ತಪ್ಪು ಲೆಕ್ಕ ಮಾಡಿದವರೂ ಮನುಷ್ಯರೇ. ಯಂತ್ರಗಳು ಹೆಚ್ಚಿದಂತೆ ವಿಮಾನಯಾನದ ಅಪಘಾತಗಳು ಇಳಿಮುಖವಾದುದೂ ನಿಜ. ಆದರೆ ಯಂತ್ರಕ್ಕೆ ಒಂದು ದೌರ್ಬಲ್ಯವುಂಟು. ಅದು ಹೊರಗಿನ ಲೋಕವನ್ನು ತಿಳಿಯುವುದು ಕೆಲವು ಕೊಳವೆಗಳ, ಕೆಲವು ರೆಕ್ಕೆಪಟ್ಟಿಗಳ ಮೂಲಕ. ಅವು ಸುಳ್ಳು ಹೇಳಿದರೆ ಯಂತ್ರ ಆ ಸುಳ್ಳನ್ನು ನಂಬಿ ಶ್ರದ್ಧೆಯಿಂದ ಕೆಲಸ ಮಾಡುತ್ತದೆ. 2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಆಸ್ಟ್ರೇಲಿಯಾದ ಪರ್ತಿಗೆ ಹೋಗುತ್ತಿದ್ದ ಕ್ವಾಂಟಾಸ್ ಏರ್‌ಬಸ್ಸಿನ ಗಣಕಯಂತ್ರ, ಮೂಗು ತೀರ ಮೇಲೆದ್ದಿದೆಯೆಂದು ತಪ್ಪು ತಿಳಿದು ಎರಡು ಸಲ ತಟ್ಟನೆ ಕೆಳಕ್ಕೆ ಮುಗ್ಗರಿಸಿತು. ಒಳಗಿದ್ದವರು ಚಾವಣಿಗೆ ಬಡಿದು ನೂರಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಚಾಲಕರು ಹತ್ತಿರದ ನಿಲ್ದಾಣದಲ್ಲಿ ಇಳಿಸಿ ಎಲ್ಲರನ್ನೂ ಉಳಿಸಿಕೊಂಡರು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಲ್ಲೂ 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲೂ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳಿಗೆ ಆ ಭಾಗ್ಯವಿರಲಿಲ್ಲ. ಒಂದೇ ಒಂದು ಮಾಪಕದ ಸುಳ್ಳನ್ನು ನಂಬಿ ಯಂತ್ರ ಮೂಗನ್ನು ಮತ್ತೆ ಮತ್ತೆ ಕೆಳಕ್ಕೊತ್ತಿತು. ಆ ಯಂತ್ರದ ವಿಚಾರವನ್ನು ಚಾಲಕರಿಗೆ ಮೊದಲೇ ಸರಿಯಾಗಿ ತಿಳಿಸಿರಲಿಲ್ಲ. 346 ಜನ ಸತ್ತರು.

ಇದರ ಇನ್ನೊಂದು ಮುಖವನ್ನು ನಮ್ಮ ನೆಲವೇ ಕಂಡಿದೆ. 1990ರ ಫೆಬ್ರವರಿ 14. ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸಿನ 605ನೆಯ ಯಾನ. ಹೊಚ್ಚಹೊಸ ಏರ್‌ಬಸ್ 320. ಮಧ್ಯಾಹ್ನದ ಹೊತ್ತು, ಮಳೆ ಮಂಜುಗಳ ಕಾಟವಿಲ್ಲ, ಎಚ್.ಎ.ಎಲ್. ನಿಲ್ದಾಣದ ಓಡುದಾರಿ ಕಣ್ಣೆದುರಿಗಿತ್ತು. ಆ ವಿಮಾನದ ಸ್ವಯಂಚಾಲಕಕ್ಕೆ ಇಳಿಯುವ ವಿಧಾನಗಳು ಹಲವು. ಒಂದರಲ್ಲಿ, ಎಂಜಿನುಗಳು ಬೇಕಾದಷ್ಟು ಬಲ ಕೊಟ್ಟು ವೇಗವನ್ನು ಕಾಯುತ್ತವೆ. ಇನ್ನೊಂದರಲ್ಲಿ, ಎಂಜಿನುಗಳು ಕನಿಷ್ಠ ಬಲದಲ್ಲಿ ಸುಮ್ಮನಿದ್ದು, ಮೂಗನ್ನು ಇಳಿಸುವುದರಿಂದಲೇ ವೇಗ ಉಳಿಯಬೇಕು. ಇದು ಎತ್ತರದಿಂದ ಇಳಿದುಬರಲು ತಕ್ಕದ್ದು, ನೆಲದ ಸಮೀಪಕ್ಕೆ ಸಲ್ಲದು. ಅಂದು ವಿಮಾನ ಕೊನೆಯವರೆಗೂ ಎರಡನೆಯ ವಿಧಾನದಲ್ಲೇ ಉಳಿಯಿತು. ಹಳೆಯ ವಿಮಾನಗಳಲ್ಲಿ ಯಂತ್ರ ಎಂಜಿನಿನ ಬಲವನ್ನು ಕುಗ್ಗಿಸಿದರೆ ಚಾಲಕನ ಕೈಬಳಿಯ ಹಿಡಿಗಳೂ ತಾವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಇದರಲ್ಲಿ ಹಿಡಿಗಳು ಅಲುಗುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ವೇಗ ಕುಸಿಯುತ್ತಿದ್ದರೂ, ಯಂತ್ರ ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಎತ್ತರವನ್ನು ಕೂಗಿ ಹೇಳುತ್ತಿದ್ದರೂ, ಒಳಗಿದ್ದ ಇಬ್ಬರು ಅನುಭವಸ್ಥರಿಗೆ ಅಪಾಯದ ಆಳ ಹೊಳೆದಾಗ ಎಂಜಿನುಗಳು ಬಲಗೂಡಲು ಸಮಯ ಸಾಲಲಿಲ್ಲ. ವಿಮಾನ ಓಡುದಾರಿಗೆ ಮೊದಲೇ ಗಾಲ್ಫ್ ಮೈದಾನದ ಮೇಲೆ ಬಿತ್ತು. 146 ಜನರಲ್ಲಿ 92 ಜನ ತೀರಿಕೊಂಡರು. ಅಂದು ಸಂಜೆ ವಿದ್ಯಾರ್ಥಿನಿಲಯದಲ್ಲಿ ಪ್ರದೇಶ ಸಮಾಚಾರ ಕೇಳುತ್ತಿದ್ದಾಗ ನಮ್ಮ ಅಡುಗೆಯವರು ಸೌಟನ್ನು ಕೆಳಗಿಟ್ಟು ರೇಡಿಯೋ ಮುಂದೆ ನಿಂತೇ ಇದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇಲ್ಲಿ ಕೆಟ್ಟದ್ದು ಯಂತ್ರವೇ, ಮನುಷ್ಯನೇ? ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು. ಯಂತ್ರ ಏನು ಮಾಡುತ್ತಿದೆಯೆಂದು ಒಡೆಯನಿಗೆ ತಿಳಿಯದೆಹೋಯಿತು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿ, ಲೆಕ್ಕಗಳು ತಾಳೆಯಾಗದೆ, ಸ್ವಯಂಚಾಲಕ 'ಇನ್ನು ನೀವೇ ನೋಡಿಕೊಳ್ಳಿ' ಎಂದು ಕಳಚಿಕೊಂಡಾಗಲೂ ಹೀಗೇ. ಗಂಟೆಗಟ್ಟಲೆ ಸುಮ್ಮನೆ ಕುಳಿತವರ ಕೈಗೆ ಕಡುಕಷ್ಟದ ಗಳಿಗೆಯಲ್ಲಿ ಲಗಾಮು ಬಂತು. ಐದು ನಿಮಿಷದೊಳಗೆ 228 ಜನ ಕಡಲ ಪಾಲಾದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಕಠಿಣವಾದದ್ದನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ ಅವನ ಕೈಯ ಪಳಗು ಎಲ್ಲಿಂದ ಬರಬೇಕು? ನನಗೆ ಈ ಇಡೀ ವಿಚಾರದಲ್ಲಿ ಬಗೆಹರಿಯದೆ ಉಳಿದಂತೆ ತೋರುವುದು ಇದೊಂದೇ. ಕೆಲವು ವಿಮಾನ ಸಂಸ್ಥೆಗಳು ಅನುಕೂಲವಾದ ಹೊತ್ತಿನಲ್ಲಿ ಸ್ವಯಂಚಾಲಕವನ್ನು ಬದಿಗಿಟ್ಟು ಕೈಯಿಂದಲೇ ಹಾರಿಸಿರೆಂದು ಚಾಲಕರನ್ನು ಪ್ರೋತ್ಸಾಹಿಸುವುದು ಇದಕ್ಕಾಗಿಯೇ.

ಹಾಗಾದರೆ ಮನುಷ್ಯನನ್ನು ಇಳಿಸಿಯೇ ಬಿಡಬಾರದೇಕೆ? ಅದೇ 2009ರ ಜನವರಿ 15ನ್ನು ನೋಡಿ. ನ್ಯೂಯಾರ್ಕಿನಿಂದ ಮೇಲೆದ್ದ ಏರ್‌ಬಸ್ 320ರ ಎರಡು ಎಂಜಿನುಗಳಿಗೂ ಸುಮಾರು 2,800 ಅಡಿ ಎತ್ತರದಲ್ಲಿ ಕಾಡುಬಾತುಗಳ ಹಿಂಡು ಬಡಿಯಿತು. ಕೆಳಗೆ ಮಹಾನಗರ. ನೆಲದವನು ಮರಳಿ ಬನ್ನಿ ಎಂದ, ಇನ್ನೊಂದು ನಿಲ್ದಾಣವನ್ನೂ ಸೂಚಿಸಿದ. ಮುಖ್ಯ ಚಾಲಕ ಚೆಸ್ಲಿ ಸಲೆನ್‌ಬರ್ಗರ್ ಎರಡನ್ನೂ ಆಗದೆಂದು ಬಿಟ್ಟು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದ. ಹಕ್ಕಿ ಬಡಿದಾಗಿನಿಂದ ನೀರು ಮುಟ್ಟುವವರೆಗೆ ಸುಮಾರು ಮೂರೂವರೆ ನಿಮಿಷ. 155 ಜನರೂ ಬದುಕಿದರು. ಮುಂದೆ ತನಿಖೆಯವರು ಕೃತಕ ವಿಮಾನಕೋಣೆಯಲ್ಲಿ ಪರೀಕ್ಷಿಸಿದಾಗ, ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿದರೆ ನಿಲ್ದಾಣಕ್ಕೆ ಮುಟ್ಟುವುದು ಸಾಧ್ಯವೆಂದು ಕಂಡಿತು. ಏನಾಯಿತೆಂದು ತಿಳಿದುಕೊಳ್ಳಲು 35 ಸೆಕೆಂಡು ಕೊಟ್ಟು ನೋಡಿದರೆ ಮುಟ್ಟಲಾಗಲಿಲ್ಲ. ನದಿಯನ್ನು ಓಡುದಾರಿಯೆಂದು ಎಣಿಸುವ ಆಜ್ಞೆ ಆ ವಿಮಾನದ ಯಾವ ಗಣಕಯಂತ್ರದಲ್ಲೂ ಇರಲಿಲ್ಲ. ಆದರೆ ಕೊನೆಯವರೆಗೆ ವಿಮಾನ ಮಿತಿಮೀರಿ ಮೂಗೆತ್ತದಂತೆ ತಡೆದು ನೆರವಾದದ್ದು ಅದೇ ಗಣಕಯಂತ್ರವೆಂಬುದನ್ನೂ ಹೇಳಬೇಕು.

ಚಾಲಕನಿಲ್ಲದ ವಿಮಾನಗಳು ಇಲ್ಲವೆಂದಲ್ಲ. 2023ರ ಏಪ್ರಿಲ್ 2ರಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಪರೀಕ್ಷಾ ಮೈದಾನದಲ್ಲಿ ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ಓಡುದಾರಿಗಿಳಿಯಿತು. ಆ ಬಗೆಯ ವಾಹನಕ್ಕೆ ಮುಂದೆ 'ಪುಷ್ಪಕ್' ಎಂದೇ ಹೆಸರಾಯಿತು. ಹೆಸರಿಟ್ಟವರಿಗೆ ಕುಬೇರನಲ್ಲಿಗೆ ಬರಿದಾಗಿ ಹೋದ ವಿಮಾನದ ನೆನಪಿತ್ತೋ ಇಲ್ಲವೋ ತಿಳಿಯದು. ಇದರೊಳಗೂ ಯಾರೂ ಇರಲಿಲ್ಲ. ಬಿದ್ದಿದ್ದರೆ ನಷ್ಟವಾಗುತ್ತಿದ್ದುದು ಯಂತ್ರ ಮಾತ್ರ. ಜನರಿರುವಾಗ ಲೆಕ್ಕ ಬೇರೆ. ನೆಲದಿಂದಲೇ ನಡೆಸೋಣವೆಂದರೆ ನಡುವಿನ ಎಳೆ ರೇಡಿಯೋ. ಎಳೆ ಕಡಿದರೆ ಏನು ಗತಿ? ನಡುವೆ ಕಳ್ಳನೊಬ್ಬ ಕೈ ಹಾಕಿದರೆ? ಕಾನೂನಿಗೂ ಈ ಅಂಜಿಕೆ ಹಳೆಯದು. 1944ರ ಷಿಕಾಗೋ ಒಪ್ಪಂದದ 8ನೆಯ ವಿಧಿ, ಚಾಲಕನಿಲ್ಲದ ವಿಮಾನ ವಿಶೇಷ ಅನುಮತಿಯಿಲ್ಲದೆ ಇನ್ನೊಂದು ದೇಶದ ಮೇಲೆ ಹಾರಕೂಡದೆಂದು ಆಗಲೇ ಕಟ್ಟುಮಾಡಿತ್ತು. ಅಪಾಯದಲ್ಲಿ ಏನು ಮಾಡಬೇಕೆಂಬ ಕೊನೆಯ ಮಾತು ವಿಮಾನದ ಮುಖ್ಯ ಚಾಲಕನದೆಂದು ಅಂತರರಾಷ್ಟ್ರೀಯ ನಿಯಮಗಳು ಹೇಳುತ್ತವೆ.

ಇದನ್ನೆಲ್ಲ ಹುಡುಗನಿಗೆ ಹೇಳುವ ಹೊತ್ತಿಗೆ ಅವನು ಹತ್ತನೆಯ ತರಗತಿಗೆ ಹೋಗಿದ್ದ. ಗಮನವಿಟ್ಟು ಕೇಳಿ, "ಹಾಗಾದ್ರೆ ಒಬ್ಬ ಸಾಕಲ್ಲ ಸಾರ್, ಇನ್ನೊಬ್ಬ ಯಾಕೆ?" ಎಂದ. ತಯಾರಕರೂ ಕೆಲವು ಸಂಸ್ಥೆಗಳೂ ಕೇಳುತ್ತಿರುವುದು ಇದನ್ನೇ. ದೂರಪ್ರಯಾಣದಲ್ಲಿ ವಿಮಾನ ಎತ್ತರದಲ್ಲಿ ನೆಟ್ಟಗೆ ಸಾಗುವಾಗ ಒಬ್ಬ ಮಲಗಲಿ, ಒಬ್ಬನೇ ಕಾಯಲಿ ಎಂಬುದು ಅವರ ಸೂಚನೆ. ಐರೋಪ್ಯ ಒಕ್ಕೂಟದ ವಿಮಾನ ಸುರಕ್ಷತಾ ಸಂಸ್ಥೆ ಅಧ್ಯಯನ ಮಾಡಿಸಿ, ಈಗಿನ ವಿಮಾನಕೋಣೆಗಳಲ್ಲಿ ಇದು ಇಬ್ಬರಿರುವಷ್ಟೇ ಸುರಕ್ಷಿತವೆಂದು ತೋರಿಸಲಾಗದೆಂದು 2025ರಲ್ಲಿ ತಿಳಿಸಿತು. ಎಚ್ಚರವಿರುವ ಒಬ್ಬನಿಗೆ ಎದೆನೋವು ಬಂದರೆ, ತೂಕಡಿಕೆ ಬಂದರೆ, ತಪ್ಪು ಗುಂಡಿ ಒತ್ತಿದರೆ ನೋಡುವವರಿಲ್ಲ. 2015ರ ಮಾರ್ಚಿನಲ್ಲಿ ಆಲ್ಪ್ಸ್ ಪರ್ವತಗಳಲ್ಲಿ, ಕೋಣೆಯಲ್ಲಿ ಒಬ್ಬನೇ ಉಳಿದ ಸಹಚಾಲಕ ಬಾಗಿಲು ಹಾಕಿಕೊಂಡು 150 ಜನರನ್ನು ಸಾವಿಗೊಯ್ದದ್ದೂ ನೆನಪಿನಿಂದ ಮಾಸಿಲ್ಲ.

"ಇಬ್ಬರಿಗೂ ಒಟ್ಟಿಗೇ ಕಾಯಿಲೆ ಬಂದರೆ?" ಎಂದು ಅವನ ಪಕ್ಕದವನು ಕೇಳಿದ. ಅದಕ್ಕೂ ಒಂದು ಏರ್ಪಾಡಿದೆ. ಅನೇಕ ವಿಮಾನ ಸಂಸ್ಥೆಗಳಲ್ಲಿ ಇಬ್ಬರು ಚಾಲಕರಿಗೂ ಒಂದೇ ಅಡುಗೆಯನ್ನು ಬಡಿಸುವುದಿಲ್ಲ. ಒಬ್ಬರದು ಕೆಟ್ಟಿದ್ದರೆ ಇನ್ನೊಬ್ಬರಾದರೂ ನೆಟ್ಟಗಿರಲೆಂದು ಬೇರೆ ಬೇರೆ ಊಟ ಕೊಡುತ್ತಾರೆ.